ಬೇಸಿಗೆ ನಾಟಕ ಶಿಬಿರಕ್ಕೆ ಮಗಳನ್ನೂ ಕಳಿಸೋಣ

(ಕೊಲ್ಹಾರದಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಏಪ್ರಿಲ್ ಬಂತೆಂದರೆ ಶಾಲೆಗೆ ರಜೆ. ಗಂಡುಹುಡುಗರು ಕ್ರಿಕೆಟ್ ಆಡ್ತಾರ. ಹೆಣ್ಣುಹುಡುಗಿಯರು ಮುಸುರೆ ತಿಕ್ಕೋದು, ತಮ್ಮ-ತಂಗಿಯರನ್ನು ಆಡಿಸೋದರಾಗ ರಜೆ ಕಳೀತಾರ. ಲಗ್ನದ ಹಂಗಾಮೂ ಅದೇ. ಎಷ್ಟೋ ಹುಡುಗಿಯರ ಶಾಲೆ ಈ ರಜೆಯಲ್ಲೇ ನಿಂತುಹೋಗುತ್ತದೆ. ಅದಕ್ಕೇ ಇವತ್ತು ಬೇಸಿಗೆ ನಾಟಕ ಶಿಬಿರದ ವಿಷಯ ಮಾತಾಡೋಣ.

"ನಾಟಕ ಕಲಿತು ಏನ್ ಮಾಡೋದೈತ್ರಿ ಸಿಸ್ಟರ್?" ಅಂತ ಕೇಳಬಹುದು. ಶಿಬಿರದಲ್ಲಿ ಕಲಿಸೋದು ಬರೇ ಬಣ್ಣ ಹಚ್ಚೋದಲ್ಲ. ಸ್ಪಷ್ಟವಾಗಿ ಮಾತಾಡೋದು, ನಾಲ್ಕು ಜನರೆದುರು ನಿಲ್ಲೋದು, ಇನ್ನೊಬ್ಬರ ಮಾತು ಕೇಳೋದು, ಎಲ್ಲರೂ ಕೂಡಿ ಒಂದು ಕೆಲಸ ಮುಗಿಸೋದು. ಸಿನಿಮಾ ಹೇಗೆ ತಯಾರಾಗುತ್ತದೆ ಎಂದು ತಿಳಿದ ಮಗು ಮೊಬೈಲಿನಲ್ಲಿ ಕಂಡದ್ದೆಲ್ಲ ನಿಜವೆಂದು ನಂಬೋದಿಲ್ಲ. ಸಂಘಕ್ಕೆ ಸೇರಿದ ಹೊಸದರಲ್ಲಿ ಹೆಸರು ಹೇಳಲಿಕ್ಕೂ ನಾಚುತ್ತಿದ್ದ ನೀವು ಈಗ ಬ್ಯಾಂಕ್ ಮ್ಯಾನೇಜರರ ಮುಂದೆ ಧೈರ್ಯವಾಗಿ ಮಾತಾಡ್ತೀರಿ. ಮಗಳು ಅದನ್ನು ಸಣ್ಣಾಕಿ ಇದ್ದಾಗಲೇ ಕಲಿಯಲಿ. "ನನಗ ಈಗ ಲಗ್ನ ಬ್ಯಾಡ, ಸಾಲಿ ಕಲೀತೀನಿ" ಅನ್ನಲಿಕ್ಕೂ ದನಿ ಬೇಕಲ್ಲ!

ಕಲಿತವರು ತಮ್ಮ ನಾಡಿನ ಜನರಿಗೆ ಕಲಿಸುವುದು ನಮ್ಮಲ್ಲಿ ಹೊಸದಲ್ಲ. ಸಾಗರ ತಾಲೂಕಿನ ಹೆಗ್ಗೋಡು ಸಣ್ಣ ಹಳ್ಳಿ. ಅಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ಕೆ.ವಿ. ಸುಬ್ಬಣ್ಣನವರು ಮೈಸೂರಿನಲ್ಲಿ ಓದಿ, ಊರಿಗೇ ಮರಳಿ ಅದನ್ನು ಬೆಳೆಸಿದರು. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. 1983ರಿಂದ 'ಜನಸ್ಪಂದನ' ಯೋಜನೆಯಲ್ಲಿ ರಾಜ್ಯದ ಹಳ್ಳಿಗಳಲ್ಲಿ ನಾಟಕ ಶಿಬಿರ ಮಾಡಿದರು, ಒಳ್ಳೆಯ ಸಿನಿಮಾ ತೋರಿಸಿದರು. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ಕಲಾವಿದರು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ 'ಚಿನ್ನರ ಮೇಳ' ನಡೆಸುತ್ತ ಬಂದಿದ್ದಾರೆ. ಧಾರವಾಡ, ಕಲಬುರಗಿಯಲ್ಲೂ ರಂಗಾಯಣ ಇದೆ.

ನಮ್ಮ ಭಾಗವೂ ಕಡಿಮೆಯಲ್ಲ. ನಾಟಕಕಾರ ಶ್ರೀರಂಗರು ಹುಟ್ಟಿದ್ದು ಇಂಡಿ ತಾಲೂಕಿನ ಅಗರಖೇಡದಲ್ಲಿ. ಹೊಳೆಯಾಚೆ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಸಿನಿಮಾದಲ್ಲಿ ಹಾಡಿ, ನಟಿಸಿ ಹೆಸರಾದರು. ಆ ಕಾಲದಲ್ಲಿ ನಾಟಕಕ್ಕೆ ಹೋದ ಹೆಣ್ಣನ್ನು ಜನ ಹಗುರಾಗಿ ಕಾಣುತ್ತಿದ್ದರು. ಆ ಅಂಜಿಕೆ ಇನ್ನೂ ನಮ್ಮ ಮನೆಗಳಲ್ಲಿದೆ. ತಾಯಿಯ ಅಂಜಿಕೆಯನ್ನು ನಾವು ತಪ್ಪೆನ್ನೋದಿಲ್ಲ. ಅಂಜಿಕೆ ಹೋಗುವಂಥ ವ್ಯವಸ್ಥೆ ಮಾಡೋಣ:

1. ಶಿಬಿರ ಹತ್ತು ದಿನ, ಬೆಳಿಗ್ಗೆ 7ರಿಂದ 11ರವರೆಗೆ ಇರಲಿ. ಬಿಸಿಲೇರುವ ಮೊದಲು ಮಕ್ಕಳು ಮನೆ ಸೇರಲಿ.

2. ದಿನಾ ಸಂಘದ ಇಬ್ಬರು ತಾಯಂದಿರು ಅಲ್ಲೇ ಕೂಡಬೇಕು.

3. ಕಲಿಸುವವರು ತರಬೇತಿ ಪಡೆದ, ನಮ್ಮ ಭಾಗದವರೇ ಆದ ಕಲಾವಿದರಾಗಿರಲಿ. ಅವರ ಬಗ್ಗೆ ಮೊದಲೇ ವಿಚಾರಿಸಿ. ಗೌರವಧನ ಕೊಡಿ, ಅವರಿಗೂ ಸಂಸಾರ ಐತಿ.

4. ಅರ್ಧದಷ್ಟಾದರೂ ಹೆಣ್ಣುಮಕ್ಕಳು ಇರಲೇಬೇಕು.

5. ಕಥೆ ನಮ್ಮೂರಿನದೇ ಇರಲಿ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳೇ ಕೊಲ್ಹಾರದ ಬದುಕನ್ನು ಅಜ್ಜಿಯರು ಹೇಳಲಿ, ಮೊಮ್ಮಕ್ಕಳು ಆಡಿ ತೋರಿಸಲಿ.

ಮೊಸರು ಮಾರುವ ಅಕ್ಕಂದಿರಿಗೆ ಗೊತ್ತು, ಬಾಯಿ ಬಿಟ್ಟು ಕೂಗದಿದ್ದರೆ ಗಡಿಗೆ ಖಾಲಿ ಆಗೋದಿಲ್ಲ. ಮಗಳ ಬಾಳಿಗೂ ಅದೇ ಮಾತು. ಹದಿನೆಂಟು ತುಂಬದ ಹುಡುಗಿಯ ಲಗ್ನದ ಮಾತು ಕಿವಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ. ಮುಂದಿನ ಸಭೆಯಲ್ಲಿ ಶಿಬಿರದ ವಿಷಯ ಚರ್ಚಿಸಿ, ಠರಾವು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ನಾವು ನಿಮ್ಮ ಜೊತೆಗಿದ್ದೇವೆ.

ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಹರಸಲಿ.