ಹೂವಿನ ತಳಿಗಳನ್ನು ಕೂಡಿಟ್ಟು ಬೆಳೆಸುವ ಬಗೆ



ಹೋದ ಬೇಸಗೆಯಲ್ಲಿ ರಾಯಲ್ಪಾಡು ಹೋಬಳಿಯ ಒಂದು ಹಳ್ಳಿಗೆ ಹೋಗಿದ್ದೆ. ಮಾವಿನ ಮರದ ನೆರಳಲ್ಲಿ ನಾಲ್ಕು ಜನ ಕೂತು ಮಾತನಾಡುತ್ತಿದ್ದೆವು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಬಂದು ಫೋನಿನಲ್ಲಿ ಒಂದು ಹೂವಿನ ಚಿತ್ರ ತೋರಿಸಿದ. "ಸಾರ್, ಇದು ಫ್ಲಾಕ್ಸ್ ಅಂತೆ. ರಷ್ಯಾದವರು ಬೆಳೆಸಿದ ತಳಿಗಳಂತೆ. ಒಂದೊಂದಕ್ಕೂ ಬೇರೆ ಬೇರೆ ಹೆಸರು. ನಾವೂ ತರಿಸಿ ಹಾಕೋಣವಾ?" ಎಂದ. ಪಕ್ಕದಲ್ಲಿ ಕೂತಿದ್ದ ಅವನ ಅಜ್ಜಿ, "ಅದು ದೇವರ ತಲೆಗೆ ಆಗುತ್ತದಾ, ಮುಡಿಯೋದಕ್ಕೆ ಆಗುತ್ತದಾ, ಮೊದಲು ಅದನ್ನು ಕೇಳಪ್ಪ" ಎಂದರು. ಎಲ್ಲರೂ ನಕ್ಕರು. ಆದರೆ ಇಬ್ಬರ ಮಾತಿನಲ್ಲೂ ತಿರುಳಿದೆ. ಅದನ್ನೇ ಇವತ್ತು ವಿಚಾರ ಮಾಡೋಣ.

ಫ್ಲಾಕ್ಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಜ್ವಾಲೆ ಎಂದು ಅರ್ಥ. ಇದರಲ್ಲಿ ಮುಖ್ಯವಾಗಿ ಎರಡು ಬಗೆಯವು ತೋಟಕ್ಕೆ ಬಂದಿವೆ. ಒಂದು, ಬೀಜ ಹಾಕಿ ಒಂದೇ ಕಾಲದಲ್ಲಿ ಹೂ ಬಿಟ್ಟು ಮುಗಿಯುವ ಗಿಡ್ಡ ಗಿಡ. ಇದರ ಬೀಜವನ್ನು 1835ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದಿಂದ ಥಾಮಸ್ ಡ್ರಮಂಡ್ ಎಂಬುವರು ಇಂಗ್ಲೆಂಡಿಗೆ ಕಳಿಸಿದರು. ಇದನ್ನು ನಮ್ಮ ಕಡೆಯೂ ಚಳಿಗಾಲದಲ್ಲಿ ಅಂದಕ್ಕಾಗಿ ಬೆಳೆಯಬಹುದು. ಎರಡನೆಯದು, ಆ ಹುಡುಗ ತೋರಿಸಿದ್ದು. ಸೊಂಟದೆತ್ತರ ಬೆಳೆದು, ತುದಿಯಲ್ಲಿ ದೊಡ್ಡ ಗೊಂಚಲು ಬಿಡುವ ಬಹುವಾರ್ಷಿಕ ಗಿಡ. ಚಳಿಗಾಲ ಬಂತೆಂದರೆ ಇದರ ಮೇಲ್ಭಾಗ ಒಣಗುತ್ತದೆ, ಬೇರು ಹಿಮದ ಕೆಳಗೆ ತಿಂಗಳುಗಟ್ಟಲೆ ಮಲಗುತ್ತದೆ, ಹಿಮ ಕರಗಿದ ಮೇಲೆ ಮತ್ತೆ ಚಿಗುರುತ್ತದೆ. ಆ ನಿದ್ದೆಗೆ ಬೇಕಾದ ಚಳಿ ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಎಲ್ಲಿದೆ? ಆದ್ದರಿಂದ ಅದಕ್ಕೆ ದುಡ್ಡು ಸುರಿಯಬೇಡಿ ಎಂದೇ ನಾನು ಆ ಹುಡುಗನಿಗೆ ಹೇಳಿದೆ.

ಹಾಗಾದರೆ ರಷ್ಯಾದವರಿಂದ ಕಲಿಯುವುದು ಏನೂ ಇಲ್ಲವೇ? ಇದೆ. ಅಲ್ಲಿ ಪಾವೆಲ್ ಗಗಾನೊವ್ ಎಂಬ ಹೂವಿನ ತಳಿಗಾರರು ಇದ್ದರು. ಫ್ಲಾಕ್ಸ್ ಬೀಜದಿಂದ ಹುಟ್ಟಿದ ಸಸಿಗಳು ತಾಯಿಯ ಹಾಗೆ ಇರುವುದಿಲ್ಲ, ಒಂದೊಂದು ಒಂದೊಂದು ಥರ. ಅಂಥ ಸಸಿಗಳಲ್ಲಿ ಚೆನ್ನಾದದ್ದನ್ನು ಆರಿಸಿ, ಅದಕ್ಕೊಂದು ಹೆಸರು ಕೊಟ್ಟು, ಬುಡವನ್ನು ಸೀಳಿ ಸೀಳಿ ಹಂಚುವುದು ಅಲ್ಲಿಯ ಪದ್ಧತಿ. ಗಗಾನೊವ್ ಅವರ ಒಂದು ತಳಿಯ ಹೆಸರು 'ಉಸ್ಪೇಖ್', ಅಂದರೆ ಗೆಲುವು. ನೇರಳೆ ಹೂ, ನಡುವೆ ಬಿಳಿ ನಕ್ಷತ್ರ. ತಳಿಗಾರರು ಹೋದರೂ ತಳಿ ಉಳಿದಿದೆ. ಹೇಗೆ ಉಳಿಯಿತು ಅಂತೀರಿ? ಮನೆ ಮನೆಯ ತೋಟದವರು ಗಿಡದ ಜೊತೆಗೆ ಹೆಸರನ್ನೂ ಜೋಪಾನ ಮಾಡಿದರು. ನಾವು ಕಲಿಯಬೇಕಾದದ್ದು ಇಷ್ಟೇ. ಹೂ ಕಾಪಾಡಿದರೆ ಸಾಲದು, ಹೆಸರೂ ಕಾಪಾಡಬೇಕು.

ಇನ್ನು ನಮ್ಮ ನೆಲಕ್ಕೆ ಬರೋಣ. ನಮಗೆ ಒಗ್ಗುವ ಹೆಸರುಳ್ಳ ತಳಿಗಳು ದೂರದಲ್ಲೇನೂ ಇಲ್ಲ. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಅದು 1967ರಲ್ಲಿ ಆರಂಭವಾಯಿತು. ಅಲ್ಲಿಯ ವಿಜ್ಞಾನಿಗಳು ಆಸ್ಟರ್ ಹೂವಿನಲ್ಲಿ ಹಲವು ತಳಿಗಳನ್ನು ಕೊಟ್ಟಿದ್ದಾರೆ. ಕಾಮಿನಿ ಗುಲಾಬಿ ಬಣ್ಣದ್ದು, ಪೂರ್ಣಿಮಾ ಮತ್ತು ಶಶಾಂಕ್ ಬಿಳಿಯವು, ವಯಲೆಟ್ ಕುಶನ್ ನೇರಳೆ. ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯದವರದು ಫುಲೆ ಗಣೇಶ್ ಎಂಬ ತಳಿಗಳು, ಅವುಗಳಲ್ಲೂ ಬಣ್ಣಕ್ಕೊಂದು. ಆಸ್ಟರ್ ದೇವರಿಗೂ ಆಗುತ್ತದೆ, ಹಾರಕ್ಕೂ ಆಗುತ್ತದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ!

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮೂರು ಬಣ್ಣದ ಆಸ್ಟರ್ ಬೀಜ ತಂದು, ಕಾಗದದ ಪೊಟ್ಟಣಗಳ ಮೇಲೆ ಶಾಯಿಯಲ್ಲಿ ಹೆಸರು ಬರೆದಿಟ್ಟಿದ್ದೆ. ಮಳೆಯಲ್ಲಿ ಚೀಲ ನೆನೆಯಿತು, ಶಾಯಿ ಹರಡಿತು, ಎರಡು ಪೊಟ್ಟಣ ಒಡೆದು ಒಳಗೇ ಬೆರೆತಿದ್ದೂ ನನಗೆ ಕಾಣಲಿಲ್ಲ. ಅಂದಾಜಿನ ಮೇಲೆ "ಇದು ಬಿಳಿದು" ಎಂದು ಒಬ್ಬ ಅಕ್ಕನಿಗೆ ಕೊಟ್ಟೆ. ಆಕೆ ದಸರಾ ಹಬ್ಬಕ್ಕೆ ಬಿಳಿ ಹೂ ಕೊಡುವುದಾಗಿ ಹೂ ಕಟ್ಟುವವರಿಗೆ ಮಾತು ಕೊಟ್ಟು, ಕಾಲು ಎಕರೆಗೆ ನಾಟಿ ಮಾಡಿದರು. ಕೊಳವೆಬಾವಿಯ ನೀರನ್ನು ಟೊಮೆಟೊಗೆ ಬಿಡದೆ ಇದಕ್ಕೆ ಬಿಟ್ಟರು. ಹೂ ಬಿಟ್ಟಾಗ ನೋಡಿದರೆ ಅರ್ಧ ಬಿಳಿ, ಅರ್ಧ ನೇರಳೆ. ಬಿಡಿಸಿ ಬೇರೆ ಮಾಡುವುದಕ್ಕೆ ಆಳು ಸಿಗಲಿಲ್ಲ. ಬೆರಕೆ ಹೂವಿನ ರಾಶಿ ಎಂದು ಬೆಲೆ ಇಳಿಸಿ ಕೊಂಡರು. ಆಕೆ ನನ್ನನ್ನು ಬೈಯಲಿಲ್ಲ. "ಹೂ ಚೆನ್ನಾಗೇ ಬಂತು ಸಾರ್, ಹೆಸರೇ ಸುಳ್ಳಾಯಿತು" ಎಂದಷ್ಟೇ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆದರೆ ಆ ಅಕ್ಕ ಅಷ್ಟಕ್ಕೇ ಕೈಬಿಡಲಿಲ್ಲ. ಆ ಹೊಲದಲ್ಲೇ ಅಚ್ಚ ಬಿಳಿ ಹೂವಿನ, ಗಟ್ಟಿ ಕಡ್ಡಿಯ ಹತ್ತು ಗಿಡಗಳಿಗೆ ಕೆಂಪು ದಾರ ಕಟ್ಟಿದರು. ಅವುಗಳ ಬೀಜವನ್ನಷ್ಟೇ ಮರುವರ್ಷ ಹಾಕಿದರು. ಬೇರೆ ಬಣ್ಣ ಕಂಡ ಗಿಡವನ್ನು ಕಂಡ ದಿನವೇ ಕಿತ್ತರು. ಮೂರನೆಯ ಬೆಳೆಗೆ ಪಾತಿಯೆಲ್ಲ ಬಿಳಿ. ಇವತ್ತು ನಾನು ಹೇಳುವ ಕ್ರಮವನ್ನು ಬಹುಪಾಲು ಆಕೆಯಿಂದಲೇ ಕಲಿತೆ.

ಮೊದಲನೆಯದು, ಚಿಕ್ಕದಾಗಿ ಆರಂಭಿಸಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪಾತಿಗೆ ಅಡಿಗೊಂದರಂತೆ 40 ಗಿಡ ಹಿಡಿಸುತ್ತವೆ. ಒಂದು ಪಾತಿಗೆ ಒಂದೇ ತಳಿ. ಜೂನ್ ತಿಂಗಳಲ್ಲಿ ಎತ್ತರದ ಸಸಿಮಡಿ ಮಾಡಿ, ಗೆರೆ ಎಳೆದು ಬೀಜ ಉದುರಿಸಿ, ಮರಳು ಬೆರೆಸಿದ ಪುಡಿಗೊಬ್ಬರವನ್ನು ತೆಳ್ಳಗೆ ಮುಚ್ಚಿ. ಮೊಳೆಯುವವರೆಗೆ ಹುಲ್ಲು ಹೊದಿಸಿ. ಸುಮಾರು ಒಂದು ತಿಂಗಳಲ್ಲಿ, ಮೂರು ನಾಲ್ಕು ಎಲೆ ಬಂದಾಗ ಕಿತ್ತು ನೆಡಿ. ದಸರಾ, ದೀಪಾವಳಿ ಹೊತ್ತಿಗೆ ಹೂ ನೋಡುತ್ತೀರಿ.

ಎರಡನೆಯದು, ಹೆಸರು. ಕಾಗದ ನಂಬಬೇಡಿ, ನನಗಾದದ್ದು ಸಾಕು. ಹಳೆಯ ಡಬ್ಬದ ತಗಡನ್ನು ಪಟ್ಟಿಯಾಗಿ ಕತ್ತರಿಸಿ, ಮೊಳೆಯಿಂದ ಕೆರೆದು ಹೆಸರು ಬರೆದು, ಗೂಟಕ್ಕೆ ಬಡಿಯಿರಿ. ಗೂಟವನ್ನು ಆಡುಮಕ್ಕಳು ಕೀಳುವುದುಂಟು. ಅದಕ್ಕೆ ಶಾಲೆಗೆ ಹೋಗುವ ಮಗುವಿನ ಕೈಲಿ ಒಂದು ನೋಟ್‌ಪುಸ್ತಕದಲ್ಲಿ ಪಾತಿಗಳ ನಕ್ಷೆ ಬರೆಸಿಡಿ. ಯಾವ ಪಾತಿ, ಯಾವ ತಳಿ, ಎಲ್ಲಿಂದ ತಂದದ್ದು, ಯಾವಾಗ ನೆಟ್ಟದ್ದು, ಇಷ್ಟು ಸಾಕು.

ಮೂರನೆಯದು, ಬೀಜ ಹಿಡಿಯುವುದು. ಆಸ್ಟರ್ ಹೂ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹಾಗಾಗಿ ಬೀಜದಿಂದ ಬಂದ ಗಿಡ ಹೆಚ್ಚುಕಡಿಮೆ ತಾಯಿಯಂತೆಯೇ ಇರುತ್ತದೆ. ಆದರೂ ಜೇನು ಸುಮ್ಮನಿರುವುದಿಲ್ಲ, ಒಂದಿಷ್ಟು ಬೆರಕೆ ಆಗುತ್ತದೆ. ಆದ್ದರಿಂದ ಬೀಜಕ್ಕೆ ಬಿಡುವ ಪಾತಿಗಳು ತೋಟದ ಬೇರೆ ಬೇರೆ ಮೂಲೆಯಲ್ಲಿರಲಿ. ಜಾಗ ಇಲ್ಲದಿದ್ದರೆ, ಆರಿಸಿದ ಗಿಡದ ಮೊಗ್ಗು ಅರಳುವ ಮುಂಚೆ ಸೊಳ್ಳೆಪರದೆ ಬಟ್ಟೆಯ ಚಿಕ್ಕ ಚೀಲ ಕಟ್ಟಿ. ಹೂ ಪೂರ್ತಿ ಕಂದು ಬಣ್ಣಕ್ಕೆ ತಿರುಗಿ, ಒಳಗೆ ನಾರಿನಂಥ ಎಳೆ ಕಂಡಾಗ ಬೆಳಗಿನ ಹೊತ್ತು ಕೊಯ್ಯಿರಿ. ಗಾಳಿ ಎದ್ದ ಮೇಲೆ ಹೋದರೆ ಬೀಜ ಹಾರಿಹೋಗಿರುತ್ತದೆ. ನೆರಳಲ್ಲಿ ಒಣಗಿಸಿ, ಬಿಗಿಯಾದ ಮುಚ್ಚಳದ ಡಬ್ಬದಲ್ಲಿ ಹೆಸರು, ತಿಂಗಳು, ವರ್ಷ ಬರೆದಿಡಿ. ಒಂದು ಎಚ್ಚರ: ಆಸ್ಟರ್ ಬೀಜ ಬೇಗ ಸಾಯುತ್ತದೆ. ಹಳೆಯ ರಾಗಿಯ ಹಾಗೆ ಕಣಜದಲ್ಲಿ ವರ್ಷಗಟ್ಟಲೆ ಇಡುವಂಥದ್ದಲ್ಲ. ಈ ವರ್ಷದ್ದು ಮುಂದಿನ ಬೆಳೆಗೆ ಹಾಕಲೇಬೇಕು. ಒಂದು ವರ್ಷ ಬಿಟ್ಟಿರೋ, ತಳಿ ಕೈಬಿಟ್ಟಿತು.

ನಾಲ್ಕನೆಯದು, ಸೇವಂತಿಗೆಯ ಮಾತು. ಗಡಿ ಹಳ್ಳಿಗಳ ನೀವು ಚಾಮಂತಿ ಅನ್ನುತ್ತೀರಲ್ಲ, ಅದೇ. ಇದರ ರೀತಿ ರಷ್ಯಾದ ಫ್ಲಾಕ್ಸಿನ ರೀತಿ. ಬೀಜದಿಂದ ತಾಯಿಯಂಥ ಗಿಡ ಬರುವುದಿಲ್ಲ. ಹೂ ಮುಗಿದ ಮೇಲೆ ಗಿಡವನ್ನು ಮೊಣಕೈಗಿಂತ ಗಿಡ್ಡವಾಗಿ ಕತ್ತರಿಸಿ, ಸ್ವಲ್ಪ ಗೊಬ್ಬರ ನೀರು ಕೊಟ್ಟರೆ ಬುಡದಿಂದ ಮರಿಗಳು ಏಳುತ್ತವೆ. ಅವೇ ನಿಮ್ಮ ಬಿತ್ತನೆ. ಬೇಸಗೆಯಲ್ಲಿ ಹೊಲವೆಲ್ಲ ಒಣಗಿದರೂ ಪರವಾಗಿಲ್ಲ, ತಳಿಗೆ ಐದಾರು ತಾಯಿಗಿಡಗಳನ್ನು ಬಚ್ಚಲ ನೀರು ಹರಿಯುವ ಕಡೆ, ನೀರು ನಿಲ್ಲದ ಹಾಗೆ, ಅರೆನೆರಳಲ್ಲಿ ಉಳಿಸಿಕೊಳ್ಳಿ.

ಇನ್ನು ಎರಡು ಮಾತು. ಸೊರಗು ರೋಗ ಆಸ್ಟರಿಗೆ ದೊಡ್ಡ ಶತ್ರು. ಅದು ಮಣ್ಣಿನಲ್ಲೇ ಉಳಿಯುತ್ತದೆ. ಒಂದೇ ಪಾತಿಗೆ ವರ್ಷ ವರ್ಷವೂ ಆಸ್ಟರ್ ಹಾಕಬೇಡಿ, ಸೊರಗಿದ ಗಿಡದ ಬೀಜ ಹಿಡಿಯಬೇಡಿ. ಎರಡನೆಯದು, ಅಂಗಡಿಯಿಂದ ತಂದ ಸಂಕರಣ ಚೆಂಡುಹೂವಿನ ಬೀಜ ಹಿಡಿದರೆ ಮರುಬೆಳೆ ತಾಯಿಯಂತೆ ಬರುವುದಿಲ್ಲ. ಅಲ್ಲಿ ಶ್ರಮ ವ್ಯರ್ಥ.

"ಬೀಜ ನಾವೇ ಹಿಡಿದರೆ ಯಾರಾದರೂ ಕೇಳಿಯಾರೇ?" ಎಂದು ಕೆಲವರು ಅಂಜುತ್ತೀರಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಂತೆ ರೈತನು ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಚೀಟಿ ಅಂಟಿಸಿ ಬ್ರಾಂಡ್ ಮಾಡಿ ಮಾರುವುದು ಮಾತ್ರ ಕೂಡದು.

ಕೊನೆಗೆ ಒಂದು ವಿನಂತಿ. ಒಂದು ಮನೆಯಲ್ಲಿ ಒಂದು ತಳಿ ಇದ್ದರೆ ಒಂದು ಬರಗಾಲಕ್ಕೆ, ಒಂದು ರೋಗಕ್ಕೆ ಹೋಯಿತು. ನಾಲ್ಕು ಮನೆಯಲ್ಲಿದ್ದರೆ ಎಲ್ಲೋ ಒಂದು ಕಡೆ ಉಳಿಯುತ್ತದೆ. ಆದ್ದರಿಂದ ಅಕ್ಕತಂಗಿಯರ ಮನೆಗೆ, ಬೀಗರ ಮನೆಗೆ ಹೋಗುವಾಗ ಬೀಜವನ್ನೋ ಮರಿಯನ್ನೋ ಒಯ್ದು ಕೊಡಿ. ಕೊಡುವಾಗ ಹೆಸರನ್ನೂ ಹೇಳಿ ಕೊಡಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಿ. ಅಂದಾಜಿನ ಹೆಸರು ಕೊಟ್ಟು ನನ್ನ ಹಾಗೆ ಒಬ್ಬರ ಹಬ್ಬ ಕೆಡಿಸಬೇಡಿ.

ಈ ಮುಂಗಾರಿಗೆ ಎರಡು ಪಾತಿ, ಎರಡು ತಳಿ, ಎರಡು ತಗಡಿನ ಪಟ್ಟಿ. ಅಷ್ಟು ಮಾಡಿ ನೋಡಿ.