ದೋಣಿ ಇಲ್ಲದ ತಿಂಗಳಲ್ಲಿ ದ್ವೀಪ ನೋಡೋಕೆ ಹೋಗಿದ್ದು

ನಾನು ಮಾತಾಡ್ತಿರೋದು ವಾಡಿಯಿಂದ. ವಾಡಿ ಅಂದ ಕೂಡಲೇ ನಮ್ಮವರು ಕಲಬುರಗಿ ಕಡೆಯ ವಾಡಿ ಜಂಕ್ಷನ್ ಅಂದ್ಕೋತಾರೆ. ಅದಲ್ಲ. ಇದು ನಾಗಪುರದ ಪಕ್ಕ, ಅಮರಾವತಿ ರಸ್ತೆಯಲ್ಲಿ, ಗೋದಾಮು ಮತ್ತು ಲಾರಿಗಳ ನಡುವೆ ಇರೋ ವಾಡಿ. ಯಾವ ದಿಕ್ಕಿಗೆ ಹೊರಟರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಇಲ್ಲಿ ಕೂತು ದ್ವೀಪದ ಬಗ್ಗೆ ಮಾತಾಡೋದು ಸ್ವಲ್ಪ ತಮಾಷೆಯೇ, ಇರಲಿ.

ಹಳೆ ಟೀಮಿನ ಗೆಳೆಯನೊಬ್ಬ ಈಗ ಗ್ಲಾಸ್ಗೋದಲ್ಲಿದ್ದಾನೆ. ಸ್ಕಾಟ್ಲೆಂಡಿನ ಪಶ್ಚಿಮ ಕಡಲಲ್ಲಿ ಸ್ಟಾಫಾ ಅಂತ ಒಂದು ಪುಟ್ಟ ದ್ವೀಪ ಇದೆ. ಜನವಸತಿ ಇಲ್ಲ, ಸುತ್ತ ಷಟ್ಕೋನದ ಕಲ್ಲುಕಂಬಗಳು, ನಡುವೆ ಫಿಂಗಲ್ಸ್ ಕೇವ್ ಅನ್ನೋ ಗುಹೆ. 1829ರಲ್ಲಿ ಸಂಗೀತಗಾರ ಮೆಂಡೆಲ್ಸನ್ ಅಲ್ಲಿಗೆ ಹೋಗಿದ್ದ. ನಮ್ಮ ಗೆಳೆಯ ಹೋಗಿದ್ದು ಜನವರಿಯಲ್ಲಿ! ಹೋಟೆಲ್ ಅಗ್ಗ, ಜನ ಇರಲ್ಲ ಅನ್ನೋ ಲೆಕ್ಕ. ಓಬನ್‌ನಿಂದ ಮಲ್ ದ್ವೀಪಕ್ಕೆ ದೊಡ್ಡ ಫೆರ್ರಿ ಚಳಿಗಾಲದಲ್ಲೂ ಓಡುತ್ತೆ, ಅಲ್ಲಿವರೆಗೂ ಹೋದ. ಮುಂದಿನ ಸಣ್ಣ ದೋಣಿಗಳು ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಗಾಳಿ, ಮಳೆ, ಸಂಜೆ ನಾಲ್ಕೂವರೆ ಅನ್ನುವಷ್ಟರಲ್ಲಿ ಕತ್ತಲೆ. ಆದರೂ ಫೋನ್ ಮಾಡಿ, "ದ್ವೀಪ ಸಿಗಲಿಲ್ಲ ಮಾರಾಯ, ಸಮುದ್ರ ಸಿಕ್ತು" ಅಂದ. ಆಗ ನನಗೆ ಆ ಮಾತು ಡೈಲಾಗ್ ಥರ ಕೇಳಿಸಿತ್ತು.

ನಮ್ಮದೇ ಸ್ಟಾಫಾ ಮಲ್ಪೆಯಲ್ಲಿದೆ, ಗೊತ್ತಲ್ವಾ? ಸೇಂಟ್ ಮೇರೀಸ್ ದ್ವೀಪ, ಬಂದರಿನಿಂದ ಸುಮಾರು 6 ಕಿಲೋಮೀಟರ್. ಅಲ್ಲೂ ಅಂಥದ್ದೇ ಕಂಬಗಲ್ಲುಗಳು. ಬಿಸಿ ಲಾವಾ ಆರುವಾಗ ಕುಗ್ಗುತ್ತೆ, ಕುಗ್ಗಿದಾಗ ಬಿರಿಯುತ್ತೆ. ಬೇಸಿಗೆಯಲ್ಲಿ ಕೆರೆಯ ಕೆಸರು ಒಡೆಯೋ ಹಾಗೆ. ಆ ಬಿರುಕು ಮೇಲಿಂದ ಆಳಕ್ಕೆ ಇಳಿದರೆ ಕಂಬ. ಸ್ಟಾಫಾದ ಕಲ್ಲು ಸುಮಾರು 6 ಕೋಟಿ ವರ್ಷದ್ದು. ಮಲ್ಪೆಯದು ಅದಕ್ಕಿಂತ ಹಳೆಯದು, ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ನಾಗಪುರದ ನಾವೂ ಏನೂ ಕಮ್ಮಿ ಇಲ್ಲ: ಊರಿನ ಪಶ್ಚಿಮದ ನೆಲವೆಲ್ಲ ದಖ್ಖನ್ ಲಾವಾದ ಕಪ್ಪು ಕಲ್ಲು, ಸುಮಾರು 6.6 ಕೋಟಿ ವರ್ಷದ್ದು. ಸೀತಾಬರ್ಡಿ ಗುಡ್ಡ ಹತ್ತಿದವರು ಅದರ ಮೇಲೇ ನಿಂತಿರ್ತಾರೆ.

ನಮ್ಮ ಅಪ್ಪಾಜಿ ಶಿವಮೊಗ್ಗ ಕಡೆ ಮೇಷ್ಟ್ರಾಗಿದ್ದವರು. ಮೂವತ್ತು ವರ್ಷ ಮಕ್ಕಳಿಗೆ ಈ ಕಲ್ಲಿನ ಪಾಠ ಮಾಡಿದ್ದಾರೆ, ಕಲ್ಲನ್ನ ನೋಡಿಲ್ಲ. ಈಗ ಗ್ಲಾಕೋಮಾ. ಎರಡೂ ಬದಿಯ ನೋಟ ಕಿರಿದಾಗ್ತಾ ಬಂದಿದೆ. ಹೋದ ನೋಟ ಮತ್ತೆ ಬರಲ್ಲ, ಉಳಿದಿದ್ದನ್ನ ಔಷಧಿಯಲ್ಲಿ ಕಾಪಾಡ್ಕೋಬೇಕು ಅಂದರು ಡಾಕ್ಟರು. "ನೋಡೋದಿದ್ರೆ ಈ ವರ್ಷ ನೋಡಿಬಿಡೋಣಪ್ಪ" ಅಂದರು ಅಪ್ಪಾಜಿ. ನನಗೆ ರಜೆ ಸಿಕ್ಕಿದ್ದು ಜುಲೈನಲ್ಲಿ. ಡಿಸೆಂಬರ್ ಪೂರ್ತಿ ರಿಲೀಸ್, ಕೇಳೋ ಹಾಗೇ ಇಲ್ಲ.

ಮಳೆಗಾಲದಲ್ಲಿ ದ್ವೀಪಕ್ಕೆ ಪ್ರವಾಸಿ ದೋಣಿ ಇರಲ್ಲ ಅಂತ ಗೊತ್ತಿದ್ದೇ ಹೊರಟ್ವಿ. ನಾಗಪುರಕ್ಕೆ ವರ್ಷವಿಡೀ ಬೀಳೋಷ್ಟು ಮಳೆ ಅಲ್ಲಿ ಹೆಚ್ಚುಕಮ್ಮಿ ಜುಲೈ ಒಂದರಲ್ಲೇ ಬೀಳುತ್ತೆ. ಕೊಂಕಣ ರೈಲಿಗೂ ಆಗ ಬೇರೆ ವೇಳಾಪಟ್ಟಿ, ನಿಧಾನಕ್ಕೆ ಓಡಿಸ್ತಾರೆ. ಮಲ್ಪೆ ಬೀಚಿಗೆ ಬಂದರೆ ಉದ್ದಕ್ಕೂ ಬಲೆ ಕಟ್ಟಿ ತಡೆದಿದ್ದಾರೆ, ನೀರಿಗೆ ಇಳಿಯೋ ಹಾಗಿಲ್ಲ. ಅಲೆ ಬಂದು ಬಡಿಯೋ ಸದ್ದಿಗೆ ಪಕ್ಕದವರ ಮಾತೂ ಕೇಳಲ್ಲ.

ಅಲ್ಲೊಬ್ಬ ಹುಡುಗ ಹತ್ತಿರ ಬಂದು, ಮಳೆ ಸ್ವಲ್ಪ ಬಿಟ್ಟರೆ ನಾಳೆ ಬೆಳಗ್ಗೆ ದೋಣಿ ಮಾಡಿಕೊಡ್ತೀನಿ, ಐದು ಸಾವಿರ ಅಂದ. ಸುಳ್ಳು ಯಾಕೆ ಹೇಳ್ಲಿ, ಕೈ ಜೇಬಿಗೆ ಹೋಯ್ತು. ಅಪ್ಪಾಜಿಯ ಕಣ್ಣು ಡಿಸೆಂಬರ್ ಹೊತ್ತಿಗೆ ಹೇಗಿರುತ್ತೋ ಯಾರಿಗೆ ಗೊತ್ತು? ಆದರೆ 2022ರ ಏಪ್ರಿಲ್‌ನಲ್ಲಿ, ಒಳ್ಳೆ ಬಿಸಿಲಿನ ಸೀಸನ್‌ನಲ್ಲೇ, ಕೇರಳದ ಮೂವರು ವಿದ್ಯಾರ್ಥಿಗಳು ಅದೇ ದ್ವೀಪದ ಬಂಡೆಗಳ ಹತ್ತಿರ ನೀರುಪಾಲಾಗಿದ್ದರು. ಅಪ್ಪಾಜಿಯೇ ಆ ಹುಡುಗನ್ನ ಕೇಳಿದರು: "ನಿಮ್ಮಪ್ಪನ್ನ ಕರ್ಕೊಂಡು ಹೋಗ್ತೀಯಾ ಇವತ್ತು?" ಹುಡುಗ ನಕ್ಕು ಹೊರಟುಹೋದ.

ಆಮೇಲೆ ಬಂದರಿನ ಕಡೆ ನಡೆದ್ವಿ. ಇಡೀ ಪ್ರವಾಸದಲ್ಲಿ ನನಗೆ ಹಿಡಿಸಿದ ಜಾಗ ಅದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಮೀನು ಮರಿ ಹಾಕೋ ಕಾಲ. ನೂರಾರು ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಶೆಡ್ಡಿನಲ್ಲಿ ಬಲೆ ಹೆಣೆಯೋ ಕೆಲಸ ನಡೀತಿತ್ತು. ಅಲ್ಲಿ ಕೂತಿದ್ದ ಹಿರಿಯರೊಬ್ಬರು ಅಪ್ಪಾಜಿಗೆ ಸ್ಟೂಲ್ ಕೊಟ್ಟರು. ಅವರು ಹೇಳಿದ್ದು: ಭಯ ನಡುಗಡಲಿನದಲ್ಲ, ಅಳಿವೆ ಬಾಗಿಲಿನದು. ಹೊಳೆಯ ನೀರು ಹೊರಗೆ ನುಗ್ಗುತ್ತೆ, ಕಡಲು ಒಳಗೆ ನುಗ್ಗುತ್ತೆ, ಮಧ್ಯೆ ಮರಳು ತುಂಬಿರುತ್ತೆ. ದೋಣಿ ಮಗುಚೋದು ಅಲ್ಲೇ. ನಾಡದೋಣಿಯವರಿಗೆ ಈಗಲೂ ಮೀನು ಹಿಡಿಯೋಕೆ ಅನುಮತಿ ಇದೆ, ಆದರೆ ಅವರೂ ಎಷ್ಟೋ ದಿನ ಕಡಲನ್ನ ನೋಡಿ ಮನೆಗೆ ವಾಪಸ್ ಹೋಗ್ತಾರೆ. "ನೀವು ಆಫ್ ಸೀಸನ್ ಅಂತೀರಿ, ನಮಗೆ ಇದು ಸಾಲದ ಸೀಸನ್" ಅಂದರು. ಅಪ್ಪಾಜಿ ಅವರ ಕೈಯಿಂದ ಬಲೆ ಸೂಜಿ ಇಸ್ಕೊಂಡು, ಬೆರಳಲ್ಲೇ ಗಂಟು ಮುಟ್ಟಿ ನೋಡ್ತಾ ಅರ್ಧ ಗಂಟೆ ಕೂತರು.

ಎರಡನೇ ದಿನ ಸಂಜೆ ಹತ್ತು ನಿಮಿಷ ಮೋಡ ಸರಿಯಿತು. ದೂರದಲ್ಲಿ ದ್ವೀಪ ಕಾಣಿಸ್ತು, ಬರೀ ಒಂದು ಕಪ್ಪು ಗೆರೆ, ಮೇಲೆ ತೆಂಗಿನ ಮರಗಳ ಅಂದಾಜು. ಅಪ್ಪಾಜಿ ಗೆರೆ ಹುಡುಕೋಕೆ ತಲೆಯನ್ನ ಎಡಕ್ಕೆ ಬಲಕ್ಕೆ ಆಡಿಸಬೇಕಾಯ್ತು. ನಾನು ಕೈ ಹಿಡಿದು ತೋರಿಸಿದೆ. "ಸಿಕ್ತು" ಅಂದರು.

ಹೋಗೋರಿಗೆ ಎರಡು ಮಾತು. ದ್ವೀಪದ ಮೇಲೆ ಕಾಲಿಡಲೇಬೇಕು ಅಂದ್ರೆ ಮಳೆ ನಿಂತ ಮೇಲೆ ಹೋಗಿ, ದೋಣಿ ಶುರುವಾಗಿದೆಯಾ ಅಂತ ಮೊದಲೇ ವಿಚಾರಿಸಿ. ಜುಲೈನಲ್ಲೇ ಹೋಗೋದಾದರೆ ಕಾಪು ದೀಪಸ್ತಂಭವನ್ನ ದೂರದಿಂದಲಾದರೂ ನೋಡಿ, 1901ರದ್ದು. ತಾಜಾ ಮೀನು ದುಬಾರಿ, ಒಣಮೀನಿನ ಚಟ್ನಿ ಚೆನ್ನಾಗಿರುತ್ತೆ. ನಾಗಪುರದವರಿಗೆ ಇನ್ನೊಂದು: ಕಂಬಗಲ್ಲು ಯವತ್ಮಾಳ ಜಿಲ್ಲೆಯಲ್ಲೂ ಇದೆ. ಅಪ್ಪಾಜಿ ದೀಪಾವಳಿಗೆ ಇಲ್ಲಿಗೆ ಬರ್ತಾರೆ. ಒಂದು ಭಾನುವಾರ ಕಾರಲ್ಲಿ ಹೋಗಿ, ಅವರ ಕೈಯನ್ನ ಆ ಕಲ್ಲಿನ ಮೇಲೆ ಇಡಿಸಬೇಕು ಅಂತಿದೀನಿ. ಬರೋರು ಹೇಳಿ, ಕಾರಲ್ಲಿ ಇನ್ನೂ ಎರಡು ಸೀಟಿದೆ.