ಹಳೆಯ ಮೋಟಾರ್ ಸೈಕಲ್ಲಿನ ದೀಪ ಮಂಕಾದಾಗ

(ಕುಂಬ್ರದಲ್ಲಿ ಅಡಿಕೆ ಬೆಳೆಗಾರರ ಮುಂದೆ ಮಾಡಿದ ಭಾಷಣ)



ಮಳೆಗಾಲಕ್ಕೆ ಮುಂಚೆ ನಾವೆಲ್ಲ ತೋಟದ ಕಣಿ ಬಿಡಿಸುತ್ತೇವೆ, ಸ್ಪ್ರೇಯರಿನ ವಾಷರ್ ಬದಲಿಸುತ್ತೇವೆ, ಮೈಲುತುತ್ತ ಮತ್ತು ಸುಣ್ಣ ತಂದಿಡುತ್ತೇವೆ. ಆದರೆ ಆ ಮೈಲುತುತ್ತವನ್ನು ಪುತ್ತೂರಿನಿಂದ ಹೊತ್ತು ತರುವ ಮೋಟಾರ್ ಸೈಕಲ್ಲಿನ ದೀಪವನ್ನು ಪರೀಕ್ಷಿಸುವವರು ಕಡಿಮೆ. ಇಂದು ನಾನು ಆ ದೀಪದ ಬಗ್ಗೆಯೇ ನಾಲ್ಕು ಮಾತು ಹೇಳಬಯಸುತ್ತೇನೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ಈಗಲೂ ಪ್ರೀತಿಯಿಂದ ಇಟ್ಟುಕೊಂಡವರಿದ್ದಾರೆ. ಅವರಲ್ಲಿ ನಾನೂ ಒಬ್ಬ. ಒಂದು ಆಷಾಢದ ರಾತ್ರಿ ಸುಳ್ಯದ ಕಡೆಯಿಂದ ಬರುತ್ತಿದ್ದೆ. ಜೋರು ಮಳೆ. ಕಾವು ದಾಟಿದ ಮೇಲೆ ದೀಪ ಬೀಡಿಯ ಕೆಂಡದಷ್ಟಾಯಿತು. ತಿರುವಿನಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದ ವ್ಯಕ್ತಿ ಕಣ್ಣಿಗೆ ಬಿದ್ದದ್ದು ಒಂದು ಮಾರು ದೂರದಲ್ಲಿ. ಗಾಡಿಯನ್ನು ಚರಂಡಿಗೆ ಇಳಿಸಿದ್ದರಿಂದ ಅವರು ಉಳಿದರು, ನನಗೆ ಮೊಣಕಾಲು ತರಚಿತು. ಮರುದಿನ ಬಲ್ಬು ಬದಲಿಸಿದೆ, ಬ್ಯಾಟರಿ ಚಾರ್ಜ್ ಮಾಡಿಸಿದೆ. ದೀಪ ಹಾಗೆಯೇ ಇತ್ತು. ಕೊನೆಗೆ ಸಿಕ್ಕಿದ ಕಾರಣ ಒಂದು ಬೋಲ್ಟು. ಬೇಸಗೆಯಲ್ಲಿ ಫ್ರೇಮಿಗೆ ನಾನೇ ಬಣ್ಣ ಹೊಡೆದು, ಬ್ಯಾಟರಿಯ ಅರ್ತ್ ತಂತಿಯನ್ನು ಆ ಬಣ್ಣದ ಮೇಲೆಯೇ ಬಿಗಿದಿದ್ದೆ!

ಆದ್ದರಿಂದ ಮೊದಲು ನೆನಪಿಡಬೇಕಾದ ಮಾತು: ಹಳೆಯ ಗಾಡಿಯ ದೀಪ ಕೆಟ್ಟಾಗ ದೋಷ ಹೆಚ್ಚಾಗಿ ಬಲ್ಬಿನಲ್ಲಿರುವುದಿಲ್ಲ, ತಂತಿಗಳು ಕೂಡುವ ಜಾಗದಲ್ಲಿರುತ್ತದೆ.

ಇದಕ್ಕೆ ಕಾರಣವಿದೆ. ಗಾಡಿಯಲ್ಲಿ ವಿದ್ಯುತ್ತು ತಂತಿಯ ಮೂಲಕ ಬಲ್ಬಿಗೆ ಹೋಗಿ, ಗಾಡಿಯ ಮೈಯ ಲೋಹದ ಮೂಲಕ ಬ್ಯಾಟರಿಗೆ ಮರಳುತ್ತದೆ. ಈ ಮರಳುವ ದಾರಿಗೇ ಅರ್ತ್ ಎನ್ನುತ್ತೇವೆ. ಹಳೆಯ ಗಾಡಿಗಳಲ್ಲಿ ಅನೇಕವು 6 ವೋಲ್ಟಿನವು. 25 ವಾಟಿನ ಬಲ್ಬು ಅಲ್ಲಿ ಸುಮಾರು 4 ಆಂಪಿಯರ್ ಎಳೆಯುತ್ತದೆ. ತುಕ್ಕು ಹಿಡಿದ ಒಂದು ಜೋಡಣೆ ಕಾಲು ಓಮ್‌ನಷ್ಟು ತಡೆ ಒಡ್ಡಿದರೂ ಹೆಚ್ಚುಕಡಿಮೆ 1 ವೋಲ್ಟ್ ಅಲ್ಲಿಯೇ ಸೋರಿಹೋಗುತ್ತದೆ. ವೋಲ್ಟೇಜು ಆರರಿಂದ ಐದಕ್ಕೆ ಇಳಿದರೆ ಬೆಳಕು ಆರರಲ್ಲೊಂದು ಪಾಲು ಮಾತ್ರ ಕಡಿಮೆಯಾಗುವುದಲ್ಲ, ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. 12 ವೋಲ್ಟಿನ ಗಾಡಿಯಲ್ಲಿ ಅದೇ ತುಕ್ಕು ಇಷ್ಟು ತೊಂದರೆ ಕೊಡುವುದಿಲ್ಲ.

ನಮ್ಮ ಸೀಮೆಯಲ್ಲಿ ತುಕ್ಕಿಗೆ ಬರಗಾಲವಿಲ್ಲ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಬರುತ್ತದೆ. ಜೊತೆಗೆ ಮೈಲುತುತ್ತವೂ ಇದೆ. ಬೋರ್ಡೋ ದ್ರಾವಣದಲ್ಲಿ ಕಬ್ಬಿಣದ ಚೂರಿ ಅದ್ದಿ ನೋಡುವ ಕ್ರಮ ನಿಮಗೆಲ್ಲ ಗೊತ್ತು. ಸುಣ್ಣ ಸಾಲದಿದ್ದರೆ ಚೂರಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ, ಕಬ್ಬಿಣ ಕರಗುತ್ತದೆ. ಕ್ಯಾರಿಯರಿನ ಚೀಲದಿಂದ ಉದುರಿದ ಮೈಲುತುತ್ತ ಮಳೆನೀರಿನಲ್ಲಿ ಕರಗಿದಾಗ ಬೋಲ್ಟುಗಳಿಗೂ ಇದೇ ಗತಿ. ಮೈಲುತುತ್ತ ತಂದ ದಿನ ಗಾಡಿಯನ್ನು ತೊಳೆದು ಒರೆಸಿ.

ಇನ್ನು ದೋಷ ಹುಡುಕುವ ಕ್ರಮ. ಬೇಕಾದ ಸಲಕರಣೆ ಎರಡೇ: ಒಂದು ಮಾರು ಉದ್ದದ ತಂತಿ, ಮತ್ತು ಎರಡು ತಂತಿ ಬೆಸೆದ ಒಂದು ಹಿಂದೀಪದ ಬಲ್ಬು. ಬಲ್ಬು ನಿಮ್ಮ ಗಾಡಿಯ ವೋಲ್ಟೇಜಿನದೇ ಆಗಿರಲಿ.

1. ಏನೂ ಉರಿಯದಿದ್ದರೆ ಮೊದಲು ಫ್ಯೂಸ್ ನೋಡಿ, ಅನಂತರ ಬ್ಯಾಟರಿಯ ತುದಿಗಳನ್ನು. ಬಲ್ಬಿನ ತಂತಿಗಳನ್ನು ಬ್ಯಾಟರಿಗೆ ತಾಗಿಸಿದಾಗ ಚೆನ್ನಾಗಿ ಉರಿದರೆ ಬ್ಯಾಟರಿ ಪೂರ್ತಿ ಸತ್ತಿಲ್ಲ ಎಂದು ತಿಳಿಯಿರಿ. ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒರೆಸಿ, ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು.

2. ಬ್ಯಾಟರಿಯಿಂದಲೇ ದೀಪ ಉರಿಯುವ ಗಾಡಿಯಲ್ಲಿ ಬೆಳಕು ಮಂಕಾದರೆ ದೀಪ ಹಾಕಿ, ಬ್ಯಾಟರಿಯ ಅರ್ತ್ ತುದಿಯಿಂದ ಬಲ್ಬಿನ ಹೋಲ್ಡರಿನ ಮೈಗೆ ನಿಮ್ಮ ತಂತಿಯನ್ನು ತಾಗಿಸಿ. ಬೆಳಕು ಹೆಚ್ಚಿದರೆ ದೋಷ ಅರ್ತ್‌ನಲ್ಲಿದೆ. ಬೋಲ್ಟು ಬಿಚ್ಚಿ, ಲೋಹ ಹೊಳೆಯುವವರೆಗೆ ಕೆರೆದು, ಮತ್ತೆ ಬಿಗಿಯಿರಿ. ಬೆಳಕು ಹೆಚ್ಚದಿದ್ದರೆ ಸ್ವಿಚ್ಚು ಮತ್ತು ಬಲ್ಬಿಗೆ ಬರುವ ತಂತಿಯ ಜೋಡಣೆಗಳನ್ನು ಒಂದೊಂದಾಗಿ ನೋಡಿ.

3. ಎಂಜಿನ್ ನಿಲ್ಲಿಸಿ ದೀಪ ಹಾಕಿ ಹಾರ್ನ್ ಒತ್ತಿ. ದೀಪ ಪೂರ್ತಿ ಕುಸಿದರೆ ಬ್ಯಾಟರಿ ದುರ್ಬಲ, ಇಲ್ಲವೆ ಅದರ ಮುಖ್ಯ ಜೋಡಣೆ ಸಡಿಲ.

4. ವೇಗ ಹೆಚ್ಚಿಸಿದರೂ ಚಾರ್ಜಿನ ಕೆಂಪು ದೀಪ ಆರದಿದ್ದರೆ ಡೈನಮೊ ಚಾರ್ಜ್ ಮಾಡುತ್ತಿಲ್ಲ. ಕಾರ್ಬನ್ ಬ್ರಷ್ ಸವೆದಿರಬಹುದು, ಕಮ್ಯುಟೇಟರಿನ ಮೇಲೆ ಮಸಿ ಕೂತಿರಬಹುದು. ಬ್ರಷ್ ಸರಿಯಿದ್ದರೆ ರೆಗ್ಯುಲೇಟರಿನ ಕೆಲಸ. ಅದನ್ನು ಬಲ್ಲವರಿಗೇ ಬಿಡಿ.

5. ಮ್ಯಾಗ್ನೆಟೊದಿಂದ ನೇರವಾಗಿ ದೀಪ ಉರಿಯುವ ಗಾಡಿಯಲ್ಲಿ ಎಂಜಿನ್ ನಿಧಾನವಾದಾಗ ಬೆಳಕು ಇಳಿಯುವುದು ಸಹಜ, ಅದು ದೋಷವಲ್ಲ. ಆದರೆ ಅಲ್ಲಿ ಮುಂದಿನ ಬಲ್ಬು ಸುಟ್ಟರೆ ಅದರ ಪಾಲಿನ ವಿದ್ಯುತ್ತೂ ಹಿಂದೀಪಕ್ಕೆ ನುಗ್ಗಿ ಅದನ್ನೂ ಸುಡಬಹುದು. ಎರಡನ್ನೂ ನೋಡಿ, ಹೇಳಿದ ವಾಟಿನದನ್ನೇ ಹಾಕಿ.

6. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ತಂತಿ ಎಲ್ಲೋ ಉಜ್ಜಿ ಗಾಡಿಯ ಮೈಗೆ ತಾಗುತ್ತಿದೆ. ಹ್ಯಾಂಡಲ್ ತಿರುಗುವ ಜಾಗ, ಸೀಟಿನ ಅಡಿ ಮೊದಲು ನೋಡಿ. ಫ್ಯೂಸಿನ ಬದಲು ದಪ್ಪ ತಂತಿ, ಸಿಗರೇಟಿನ ಬೇಗಡೆ ಸುತ್ತಬೇಡಿ. ಪೆಟ್ರೋಲ್ ಟ್ಯಾಂಕಿನ ಕೆಳಗೇ ತಂತಿ ಕಾದು ಹೊತ್ತಿಕೊಂಡರೆ ಗಾಡಿಯೂ ಇಲ್ಲ, ಸವಾರನೂ ಇಲ್ಲ.

ಬೆಳಕು ಸಾಲದೆಂದು ದೊಡ್ಡ ಬಲ್ಬು ಹಾಕುವವರಿದ್ದಾರೆ. ಹಳೆಯ ಜಾವಾದ ಡೈನಮೊ 45 ವಾಟಿನದು. ಮುಂದಿನ ದೀಪಕ್ಕೆ 25, ಹಿಂದಿನದಕ್ಕೆ 5 ಹೋದರೆ ಕಿಡಿಗೂ ಬ್ಯಾಟರಿಗೂ ಉಳಿಯುವುದು 15. ಆದಾಯ ನೋಡದೆ ಖರ್ಚು ಹೆಚ್ಚಿಸಿದರೆ ಬ್ಯಾಟರಿ ಸಾಲಕ್ಕೆ ಬೀಳುತ್ತದೆ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿಯ ನೀರು, ಮಾಡಿನ ನೀರು ಬೇಡ. ಹೊರಗೆ ಚಾರ್ಜ್ ಮಾಡಿಸುವಾಗ 14 ಆಂಪಿಯರ್-ಅವರ್‌ನ ಬ್ಯಾಟರಿಗೆ 1.4 ಆಂಪಿಯರ್ ಸಾಕು. ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಅನಿಲ ಬರುವುದರಿಂದ ಹತ್ತಿರ ಬೀಡಿ ಸೇದಬಾರದು. ಅರ್ತ್ ಯಾವ ತುದಿಗೆ ಎಂಬುದು ಎಲ್ಲ ಗಾಡಿಗಳಲ್ಲಿ ಒಂದೇ ಅಲ್ಲ. ಬಿಚ್ಚುವ ಮೊದಲೇ ಗುರುತು ಮಾಡಿಕೊಳ್ಳಿ.

ಬಾಂಧವರೇ, ಇದಕ್ಕೆಲ್ಲ ಬೇಕಾದದ್ದು ಮಳೆ ಹಿಡಿಯುವ ಮೊದಲಿನ ಒಂದು ಸಂಜೆ. ಕತ್ತಲಾದ ಮೇಲೆ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ದೀಪ, ಹಿಂದಿನ ದೀಪ, ಬ್ರೇಕಿನ ದೀಪ ಮೂರನ್ನೂ ಉರಿಸಿ ನೋಡಿ. ಮುಂದಿನ ದೀಪ ನಮಗೆ ದಾರಿ ತೋರಿಸುತ್ತದೆ. ಹಿಂದಿನದು ನಮ್ಮನ್ನು ಹಿಂದಿನ ಲಾರಿಯವನಿಗೆ ತೋರಿಸುತ್ತದೆ. ಮುಂಜಾನೆ ಸೊಸೈಟಿಗೆ ಹಾಲು ಒಯ್ಯುವ ಮಗನೂ, ರಸ್ತೆ ಬದಿಯಲ್ಲಿ ಕೊಡೆ ಹಿಡಿದು ನಡೆಯುವ ನೆರೆಯವರೂ ಅದೇ ಬೆಳಕನ್ನು ನಂಬಿದ್ದಾರೆ.